ಐವತ್ತರ ಬಾನೆಟ್ಟು, ಮೂವತ್ತೈದರ ಇಂಜಿನ್ನು

ನಮ್ಮ ಕಡೆ ಗಂಡಿನ ಮನೆ ನೋಡಲು ಬಂದವರು ಹುಡುಗ ಏನು ಓದಿದ್ದಾನೆ ಎಂದು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು ಟ್ರ್ಯಾಕ್ಟರ್ ಎಷ್ಟು ಎಚ್‌ಪಿ ಎಂದು. ಐವತ್ತು ಎಂದರೆ ಕುರ್ಚಿಯಲ್ಲಿ ಹಿಂದಕ್ಕೆ ಒರಗುತ್ತಾರೆ. ಮೂವತ್ತೈದು ಎಂದರೆ ಚಹಾ ಕುಡಿದು, ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದು ಎದ್ದು ಹೋಗುತ್ತಾರೆ. ನನ್ನ ಪಾಲಿಗೆ ಹೀಗೆ ಎದ್ದು ಹೋದವರು ಆಗಲೇ ಇಬ್ಬರಾಗಿದ್ದರು. ನಮ್ಮದು ಮೂವತ್ತೈದು.

ಪಾಲಬಾವಿಯ ನಮ್ಮ ತೋಟಕ್ಕೆ ಆ ಟ್ರ್ಯಾಕ್ಟರ್ ಬಂದದ್ದು ನಾನು ಬಾಲವಾಡಿಗೆ ಹೋಗುತ್ತಿದ್ದಾಗ. ನನ್ನ ಮದುವೆಯ ಮಾತು ಶುರುವಾದಾಗಲೂ ಅದರ ಇಂಜಿನ್ ರಿಪೇರಿಗೆಂದು ಒಮ್ಮೆಯೂ ಬಿಚ್ಚಿರಲಿಲ್ಲ. ಅಪ್ಪನ ಕಾಟ ಹಾಗಿತ್ತು. ಬೆಳಿಗ್ಗೆ ಚಾಲೂ ಮಾಡಿದರೆ ಅಪ್ಪ ಒಂದು ಎಲೆ ಅಡಿಕೆ ಜಗಿದು ಮುಗಿಸುವ ತನಕ ಗೇರ್ ಹಾಕುವಂತಿಲ್ಲ. ಧೂಳಿನ ಕೆಲಸವಿದ್ದ ದಿನ ಸಂಜೆ ಏರ್ ಕ್ಲೀನರಿನ ಬಟ್ಟಲು ಬಿಚ್ಚಿ, ಹೊಲಸು ಆಯಿಲ್ ಚೆಲ್ಲಿ, ಹೊಸದು ಹಾಕಲೇಬೇಕು. ಕಬ್ಬಿನ ಸೀಜನ್ನಿನಲ್ಲಿ ಊರವರೆಲ್ಲ ಎರಡೆರಡು ಟ್ರೇಲರ್ ಹಚ್ಚಿ, ಕಪ್ಪು ಹೊಗೆ ಬಿಡಿಸುತ್ತಾ ಫ್ಯಾಕ್ಟರಿಗೆ ಹೋಗುವಾಗ ನಮ್ಮದು ಒಂದೇ ಟ್ರೇಲರ್ ಜಗ್ಗುತ್ತಾ ಮದುಮಗಳ ಹಾಗೆ ನಡೆಯುತ್ತಿತ್ತು. ಹಿಂದಿನಿಂದ ಹಾರ್ನ್ ಹೊಡೆಯುವ ಗೆಳೆಯರಿಗೆ ಮುಖ ತೋರಿಸಲು ನನಗೆ ನಾಚಿಕೆ.

ಒಂದು ಮಳೆಗಾಲ ಬೇವಿನ ಟೊಂಗೆ ಮುರಿದು ಬಿದ್ದು ಬಾನೆಟ್ ಅಪ್ಪಚ್ಚಿಯಾಯಿತು. ಇಂಜಿನ್ನಿಗೆ ಒಂದು ಗೀರೂ ಇಲ್ಲ. ನಾನು ನಿಪ್ಪಾಣಿಯ ಭಂಗಾರ ಅಂಗಡಿಯಲ್ಲಿ, ಅಂದರೆ ಗುಜರಿಯಲ್ಲಿ, ಅರ್ಧ ದಿನ ಹುಡುಕಿ ಅದೇ ಕಂಪನಿಯ ದೊಡ್ಡ ಮಾಡೆಲ್ಲಿನ ಬಾನೆಟ್ ತಂದೆ. ಎಡಗಡೆ ತೆಂಗಿನಕಾಯಿ ಗಾತ್ರದ ಒಂದು ನೆಗ್ಗು ಇತ್ತು, ಅಷ್ಟೇ. ಎರಡು ತೂತು ಹೊಸದಾಗಿ ಕೊರೆದ ಮೇಲೆ ಗಟ್ಟಿಯಾಗಿ ಕೂತಿತು. ಪಕ್ಕದಲ್ಲಿ ದಪ್ಪಗೆ 50 ಎಂದು ಬರೆದಿತ್ತು. ಅಪ್ಪ ಅದನ್ನು ಕೆರೆದು ತೆಗೆ ಎಂದ. ಹೂಂ ಎಂದೆ. ಮರುದಿನ ಬಿಳಿ ಬಣ್ಣ ತಂದು ಅದರ ಮೇಲೆ ಇನ್ನೊಂದು ಕೈ ಎಳೆದೆ.

ಅದೇ ವರ್ಷ ನನ್ನ ಸೋದರಮಾವ ಬೋರಗಾಂವದಿಂದ ಒಂದು ಸಂಬಂಧ ತಂದ. ಐವತ್ತು ಎಚ್‌ಪಿಯ ಮನೆತನ ಎಂದು ಹೇಳಿಯೇ ತಂದಿದ್ದ. ಬಾನೆಟ್ ನೋಡಿ ಅವನೂ ನಂಬಿದ್ದ, ನಾನು ತಿದ್ದಲಿಲ್ಲ. ಹುಡುಗಿಯನ್ನು ನೋಡಲು ಹೋದಾಗ ಗಡಿಬಿಡಿಯಲ್ಲಿ ಅವಲಕ್ಕಿಯೊಳಗಿನ ಹಸಿಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡೆ. ಅವಳು ಯಾರಿಗೂ ಗೊತ್ತಾಗದ ಹಾಗೆ ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದಳು. ಈ ಹುಡುಗಿ ಕೈ ತಪ್ಪಿದರೆ ನನಗೆ ಮದುವೆಯೇ ಬೇಡ ಎಂದು ಅಲ್ಲೇ ಕೂತು ತೀರ್ಮಾನಿಸಿಬಿಟ್ಟೆ.

ಹದಿನೈದು ದಿನಕ್ಕೆ ಅವರು ನಮ್ಮ ಮನೆ ನೋಡಲು ಬಂದರು. ಈಗಿನ ಕಾಲವಲ್ಲವೇ, ಹುಡುಗಿಯೂ ಬಂದಿದ್ದಳು. ನಾನು ಟ್ರ್ಯಾಕ್ಟರ್ ತೊಳೆದು, ಟಯರಿಗೆ ಕಪ್ಪು ಬಳಿದು, 50 ಎದ್ದು ಕಾಣುವ ಹಾಗೆ ಅಂಗಳದಲ್ಲಿ ಅಡ್ಡ ನಿಲ್ಲಿಸಿದ್ದೆ. ಅಪ್ಪ ನೋಡಿ, ಮುಖ ತಿರುಗಿಸಿ ಕುರ್ಚಿ ಹಾಕಲು ಹೋದ. ಅವಳ ಅಪ್ಪ ಬಿಳಿ ಧೋತರ, ಬಿಳಿ ಟೊಪ್ಪಿಗೆಯ ಗಂಭೀರ ಮನುಷ್ಯ. ದೂರದಿಂದಲೇ ನಂಬರ್ ಓದಿ ಕುರ್ಚಿಯಲ್ಲಿ ಒರಗಿದರು. ಬರುವ ಸೀಜನ್ನಿಗೆ ತಮ್ಮ ಕಬ್ಬಿಗೂ ಇದನ್ನೇ ಕಳಿಸಿ, ಡಬಲ್ ಟ್ರೇಲರ್ ಹಚ್ಚೋಣ ಎಂದರು. ಅಪ್ಪ ಕೆಮ್ಮಿದ.

ಚಹಾ ಆದ ಮೇಲೆ, ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಹಿರಿಯರು ನಮ್ಮಿಬ್ಬರನ್ನು ಅಂಗಳಕ್ಕೆ ಕಳಿಸಿದರು. ಅವಳು ಸೀದಾ ಹೋಗಿ ಬಾನೆಟ್ಟಿನ ನೆಗ್ಗಿನ ಮೇಲೆ ಕೈಯಿಟ್ಟಳು.

“ಇದು ನಿಪ್ಪಾಣಿ ಭಂಗಾರದಾಗ ಸಿಕ್ಕಿದ್ದ, ಹೌದಲ್ರಿ?”

ನನ್ನ ಬಾಯಿ ಒಣಗಿತು. ಈ ಸಲ ತಂಬಿಗೆ ಸರಿಸುವವರು ಯಾರೂ ಇರಲಿಲ್ಲ.

“ಈ ನೆಗ್ಗ ನಾನ ಮಾಡೀನ್ರಿ. ಟ್ರ್ಯಾಕ್ಟರ್ ಕಲಿಯೂ ಮುಂದ ಪಂಪ್ ಶೆಡ್ಡಿನ ಕಂಬಕ್ಕ ಹೊಡ್ದಿದ್ದೆ. ನಮ್ಮ ಡ್ರೈವರ್ ಮಾಮಾ ತಪ್ಪ ತಮ್ಮ ಮೈಮ್ಯಾಲ ಹಾಕ್ಕೊಂಡ್ರು. ಅಪ್ಪಗ ಇನ್ನಾ ಗೊತ್ತಿಲ್ಲ.”

ಅವಳ ಗುಟ್ಟು ನನ್ನ ಕೈಯಲ್ಲಿ, ನನ್ನದು ಅವಳ ಕೈಯಲ್ಲಿ. ಸಮ ಆಯಿತು ಎಂದು ಒಳಗೊಳಗೇ ಖುಷಿಪಟ್ಟೆ. ಅವಳು ಹಾಗೆ ಬಿಡುವವಳಲ್ಲ. ನನ್ನದನ್ನು ನಾನೇ ಒಳಗೆ ಹೋಗಿ ಹೇಳಬೇಕು, ಅವಳದನ್ನು ಮಾತ್ರ ಹೇಳಕೂಡದು ಎಂದಳು. ಇದು ಯಾವ ಊರಿನ ನ್ಯಾಯ ಎಂದು ಕೇಳಿದೆ. ಬಾನೆಟ್ಟಿನ ಕೆಳಗಿನ ಇಂಜಿನ್ ಎಷ್ಟರದು ಎಂದು ಅವಳು ಕೇಳಿದಳು. ನಾನು ತೆಪ್ಪಗೆ ಒಳಗೆ ನಡೆದೆ.

ಹೇಳಿದೆ. ಸೋದರಮಾವ ಚಹಾದ ಬಸಿಯಲ್ಲಿ ಮುಖ ಮುಳುಗಿಸಿದ. ಅವಳ ಅಪ್ಪ ಎದ್ದು ನಿಂತರು. ಎದ್ದು ಹೋದವರು ಮೂವರಾದರು ಎಂದುಕೊಂಡೆ. ಆದರೆ ಅವರು ತಮ್ಮ ಜೀಪು ದಾಟಿ ಟ್ರ್ಯಾಕ್ಟರಿನ ಹತ್ತಿರ ಹೋದರು. ನೆಗ್ಗು ನೋಡಿ ಗುರುತು ಹಿಡಿದರು, ಇದು ತಮ್ಮದೇ ಎಂದರು. ಅವರ ಐವತ್ತು ಎಚ್‌ಪಿ ವರ್ಷವಿಡೀ ಡಬಲ್ ಟ್ರೇಲರ್ ಜಗ್ಗಿ ಜಗ್ಗಿ ಏಳನೇ ವರ್ಷಕ್ಕೇ ಇಂಜಿನ್ ಒಡೆದುಕೊಂಡು ಭಂಗಾರ ಸೇರಿತ್ತಂತೆ. ಆಮೇಲೆ ನನಗೆ ಚಾಲೂ ಮಾಡಲು ಹೇಳಿದರು.

ಮಾಡಿದೆ. ಅಪ್ಪ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ. ಬೋರಗಾಂವದ ಬೀಗರು, ಸೋದರಮಾವ, ನಾನು, ಎಲ್ಲರೂ ಅಪ್ಪನ ದವಡೆ ನೋಡುತ್ತಾ ಕಾದೆವು. ದವಡೆ ನಿಂತ ಮೇಲೆ ಅವಳ ಅಪ್ಪ ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು ಸೈಲೆನ್ಸರಿನ ಬಾಯಿಗೆ ಹಿಡಿದು, ರೇಸ್ ಕೊಡು ಎಂದರು. ಸವೆದ ಇಂಜಿನ್ ಆಗಿದ್ದರೆ ಆಯಿಲ್ ಹನಿ ಸಿಡಿದು ಟೊಪ್ಪಿಗೆಯೂ ಹಾಳು, ನನ್ನ ಮದುವೆಯೂ ಹಾಳು. ಟೊಪ್ಪಿಗೆಯ ಮೇಲೆ ಬೂದಿ ಬಣ್ಣದ ಒಂದು ಮಸುಕು ಉಂಗುರ ಮೂಡಿತ್ತು, ಅಷ್ಟೇ. ಅವರು ಅದನ್ನು ಝಾಡಿಸಿ ಮತ್ತೆ ತಲೆಗಿಟ್ಟುಕೊಂಡರು. ಎಷ್ಟು ವರ್ಷವಾಯಿತು ಎಂದು ಕೇಳಿದರು. ಇಪ್ಪತ್ತೆರಡು ಎಂದ ಅಪ್ಪ.

“ಇಂಜಿನ್ ಬಿಚ್ಚೀರೇನ್ರಿ?”

“ಇಲ್ರಿ.”

“ನಂಬರ್ ಅಳಸ್ರಿ. ಹುಡುಗಿ ಕೊಡ್ತೇವಿ.”

ಇಷ್ಟು ಹೇಳಿ, ಜೈನರಾದ ನಮಗೆ ಹೊತ್ತು ಮುಳುಗುವುದರೊಳಗೆ ಊಟ ಆಗಬೇಕಲ್ಲ ಎಂದು ಅವಸರ ಮಾಡಿದರು. ನಾನು ಇಪ್ಪತ್ತೆರಡು ವರ್ಷ ಗೊಣಗುತ್ತಾ ಸಹಿಸಿದ ಅಪ್ಪನ ಕಾಟವೇ ನನಗೆ ಹೆಣ್ಣು ಕೊಡಿಸಿತ್ತು. ಅಪ್ಪನಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ, ಆದರೆ ಆ ಸಂಜೆ ಏರ್ ಕ್ಲೀನರಿನ ಬಟ್ಟಲನ್ನು ಹೇಳಿಸಿಕೊಳ್ಳದೆಯೇ ತೊಳೆದಿಟ್ಟೆ.

ಈಗ ಒಂಬತ್ತು ವರ್ಷವಾಯಿತು. ಇಂಜಿನ್ ಇನ್ನೂ ಬಿಚ್ಚಿಲ್ಲ. 50 ಕೆರೆದ ಜಾಗದಲ್ಲಿ ನನ್ನ ಹೆಂಡತಿ ತಾನೇ 35 ಬರೆದಿದ್ದಾಳೆ, ಅದೂ ಡೊಂಕಾಗಿ. ಮಾವನವರು ಬಂದಾಗಲೆಲ್ಲ ನೆಗ್ಗು ಸವರಿ, ಜೊತೆಗೆ ಬಂದ ಡ್ರೈವರ್ ಮಾಮಾನಿಗೆ ಅದೇ ಹಳೆಯ ಬೈಗುಳ ಬೈಯುತ್ತಾರೆ. ಮಾಮಾ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾರೆ. ಹೆಂಡತಿ ಇಬ್ಬರಿಗೂ ಚಹಾ ತರುತ್ತಾಳೆ. ಮಾಮಾನ ಕಪ್ಪಿನಲ್ಲಿ ಯಾವಾಗಲೂ ಒಂದು ಚಮಚ ಸಕ್ಕರೆ ಹೆಚ್ಚು. ನಾನು ಮಾತು ಕೊಟ್ಟ ಹಾಗೆ ಬಾಯಿ ಬಿಟ್ಟಿಲ್ಲ.

ಬರೆಯುವುದಿಲ್ಲ ಎಂದು ಮಾತ್ರ ಮಾತು ಕೊಟ್ಟಿರಲಿಲ್ಲ. ಮಾವನವರು ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯದಿಂದ ಹೆಂಡತಿ ಇದನ್ನೆಲ್ಲ ಬರೆಯಲು ಬಿಟ್ಟಿದ್ದಾಳೆ. ಆದರೆ ನಮ್ಮ ಮಗಳು ಈಗ ಕನ್ನಡ ಶಾಲೆಯಲ್ಲಿ ಎರಡನೇ ಇಯತ್ತೆ; ಕೈಗೆ ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ. ಬರುವ ರಜೆಗೆ ಅವಳು ಬೋರಗಾಂವಕ್ಕೆ ಅಜ್ಜನ ಮನೆಗೆ ಹೊರಟಾಗ, ಅವಳ ಚೀಲದಲ್ಲಿ ಈ ಹಾಳೆಗಳನ್ನೂ ಮಡಚಿ ಇಡುತ್ತೇನೆ.