ಸಡಿಲ ಗಂಟು

ಇನ್ನಂಜೆಯಿಂದ ನನ್ನ ಅಂಗಡಿಗೆ ಮಲ್ಲಿಗೆ ಕಟ್ಟಿ ಕೊಡುತ್ತಿದ್ದ ಆ ಅಮ್ಮನ ಹತ್ತಿರ ಚೌಕಾಸಿಯಲ್ಲಿ ನಾನು ಗೆದ್ದದ್ದೇ ಇಲ್ಲ. “ಗಂಟು ನೋಡಿ ರೇಟು ಹೇಳಿ ಮಾರಾಯ್ರೆ” ಎಂದು ಹೂವಿನ ಚೆಂಡನ್ನು ನನ್ನ ಮೂಗಿಗೇ ಹಿಡಿಯುತ್ತಿದ್ದರು.

ವಯಸ್ಸಾಗಿ ಅವರ ಬೆರಳು ನಡುಗತೊಡಗಿದ ಮೇಲೆ, ಅವರು ಕಟ್ಟಿದ್ದನ್ನೆಲ್ಲ ನಲವತ್ತರ ಮಗಳು ಹಿತ್ತಲಿನಲ್ಲಿ ಗುಟ್ಟಾಗಿ ಬಿಚ್ಚಿ, ಮತ್ತೆ ಕಟ್ಟಿ ತರುತ್ತಿದ್ದಳು. “ಅಮ್ಮನಿಗೆ ಹೇಳ್ಬೇಡಿ ಅಣ್ಣ. ಈ ಕೆಲಸ ಬಿಟ್ಟರೆ ಅವರಿಗೆ ಬೇರೆ ಎಂತ ಉಂಟು?” ಎಂದಿದ್ದಳು. ನಾನು ಒಪ್ಪಿದ್ದೆ.

ಒಮ್ಮೆ ಅವರ ಮನೆಗೇ ಹೋದಾಗ ಅಮ್ಮ ಜಗಲಿಯಲ್ಲಿ ಒಬ್ಬರೇ ಕೂತು ಕಟ್ಟುತ್ತಿದ್ದರು. ಬುದ್ಧಿ ಹೇಳುವ ಚಾಳಿ ನನ್ನದು; “ಗಂಟು ಸ್ವಲ್ಪ ಬಿಗಿಯಾಗಲಿ ಅಮ್ಮ” ಎಂದುಬಿಟ್ಟೆ.

ಅವರು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಬಿಗಿ ಮಾಡಿದರೆ ಬಿಚ್ಚುವಾಗ ಅವಳ ಬೆರಳು ನೋಯುವುದಿಲ್ವಾ?”

ಮಗಳಿಗೆ ನಾನು ಇದನ್ನು ಹೇಳಿಲ್ಲ. ನೀವೂ ಹೇಳಬೇಡಿ.