ತುಳಸಿ ಕುಂಡದ ಕಾಡುಹೊಗೆಸೊಪ್ಪು

ಸಂಜೆ ಬಾಲ್ಕನಿಗೆ ಹೋದರೆ ತುಳಸಿ ಕುಂಡದಲ್ಲಿ ಗೊತ್ತಿಲ್ಲದ ಹಾಗೆ ಬೆಳೆದ ಗಿಡವೊಂದು ಹೂ ಬಿಟ್ಟಿತ್ತು. ತೆಳ್ಳನೆಯ ಕೊಳವೆಯ ತುದಿಗೆ ಮಾಸಲು ಬಿಳಿಯ ಎಸಳುಗಳು. ಎಲೆ ಮುಟ್ಟಿದೆ. ಬೆರಳಿಗೆ ಅಂಟು ಹತ್ತಿತು, ಮೂಗಿಗೆ ಪೀಣ್ಯದ ಹಳೇ ಮನೆಯ ವಾಸನೆ.

"ಕಳೆ ಅಲ್ವಾ ಅಕ್ಕಾ, ಕಿತ್ತಾಕ್ಬಿಡ್ಲಾ?" ಎಂದಳು ಪಾತ್ರೆ ತೊಳೆಯಲು ಬರುವ ಸರಸ.

"ಬೇಡ ಕಣೇ, ನಮ್ಮತ್ತೇದು."

ಕಳೆಯನ್ನು ಕಂಡು ಅತ್ತೆಯನ್ನು ನೆನೆಯುವ ಸೊಸೆಯ ಬಗ್ಗೆ ನೀವು ಏನೆಂದುಕೊಳ್ಳುತ್ತೀರೋ! ಆದರೆ ಈ ಮಣ್ಣು ಅವರದೇ. ಅವರು ಹೋದ ಮೇಲೆ ಪೀಣ್ಯದ ಮನೆಯಿಂದ ವೈಟ್‌ಫೀಲ್ಡಿಗೆ ಕುಂಡದ ಸಮೇತ ತಂದದ್ದು. ಅಲ್ಲೂ ತುಳಸಿಯ ಪಕ್ಕ ಈ ಕಾಡುಹೊಗೆಸೊಪ್ಪು ತಾನಾಗಿ ಹುಟ್ಟುತ್ತಿತ್ತು. "ನಾನು ಬೀಡಿ ಸೇದಿದ್ರೆ ಆಚೆ ಹಾಕ್ತಾಳೆ, ತಾನು ಮಾತ್ರ ದೇವರ ಪಕ್ಕ ಹೊಗೆಸೊಪ್ಪು ಸಾಕ್ತಾಳೆ," ಎಂದು ಫ್ಯಾಕ್ಟರಿಯಿಂದ ಬಂದ ಮಾವ ಕಿಚಾಯಿಸುವರು. ಹಿಂದಿನ ಬೀದಿಯವರು ಕಾವಿಗೆ ಕೂತ ಕೋಳಿಗೆ ಹೇನು ಹತ್ತದಿರಲೆಂದು ಬುಟ್ಟಿಗೆ ಹಾಸಲು ಎಲೆ ಕೇಳಿ ಒಯ್ಯುತ್ತಿದ್ದರು. ಅತ್ತೆಗೆ ಅದು ಮಂಡಿನೋವಿನ ಮದ್ದು. ಹರಳೆಣ್ಣೆ ಸವರಿ, ಹೆಂಚಿನ ಮೇಲೆ ಬಾಡಿಸಿ, ಹಳೆ ಸೀರೆಯ ಪಟ್ಟಿಯಲ್ಲಿ ಕಟ್ಟಿಕೊಳ್ಳುವರು. "ಬಾಯಿಗೆ ಸೋಕಿಸ್ಬೇಡ, ವಿಷ," ಎಂದು ನನಗೆ ಎಚ್ಚರಿಕೆ ಬೇರೆ, ನಾನೇನೋ ಪಲ್ಯ ಮಾಡಿಬಿಡುವವಳ ಹಾಗೆ.

ಬಗ್ಗಲಾಗದಿದ್ದರೂ ತಾವೇ ಕಟ್ಟಿಕೊಳ್ಳಬೇಕು. ನಾನು ಕೈ ಚಾಚಿದರೆ, "ಮನೆಯವರೇ ಕಟ್ಟಬೇಕಮ್ಮಾ. ಹೊರಗಿನವರು ಕಟ್ಟಿದ್ರೆ ಹಿಡಿಯಲ್ಲ."

ಮದುವೆಯಾಗಿ ವರ್ಷ ಕಳೆದಿತ್ತು. ಕಾನ್ವೆಂಟಿನ ಹುಡುಗಿ, ನೀರು ಕುಡಿಯಲೂ ಅಪ್ಪಣೆ ಕೇಳುವಂತೆ ನಿಲ್ಲುತ್ತಿದ್ದೆ. ದೂರದ ಫ್ಯಾಕ್ಟರಿ ಯಂತ್ರಗಳ ಗುಂಯ್‌ಗುಡುವಿಕೆ ಜೋಗುಳದಂತೆ ಕೇಳುವ ಸಂಜೆಗಳಲ್ಲಿ, ಬಿಸಿ ಎಲೆಯ ಘಾಟನ್ನು ಬಾಗಿಲ ಬಳಿಯೇ ಉಸಿರಾಡುತ್ತ, ನಾನು ಯಾವಾಗ ಮನೆಯವಳಾಗುತ್ತೇನೋ ಎಂದುಕೊಳ್ಳುತ್ತಿದ್ದೆ.

ಒಂದು ಸಂಜೆ ಅವರು ನನ್ನ ಮುಖ ನೋಡದೆ ಕಾಲು ನೀಡಿದರು. "ಕಟ್ಟು."

ಶಾಲೆಯ ಗೈಡ್ಸ್‌ನಲ್ಲಿ ಕಲಿತ ಗಂಟುಗಳನ್ನೆಲ್ಲ ಒಂದರ ಮೇಲೊಂದು ಭಕ್ತಿಯಿಂದ ಹಾಕಿದೆ. ಬೆಳಿಗ್ಗೆ ಬಿಚ್ಚಲು ಯಾರಿಂದಲೂ ಆಗಲಿಲ್ಲ.

"ನಿನ್ ಸೊಸೆ ದನ ಕಟ್ಟೋ ಹಾಗೆ ಕಟ್ಟಿದ್ದಾಳಲ್ಲೇ!" ಮಾವ ಕತ್ತರಿ ಹುಡುಕಿದರು.

"ಕಟ್ಲಿ ಬಿಡ್ರೀ. ನಾನೆಲ್ಲಿಗೆ ಓಡ್ಬೇಕು?"

ಇದನ್ನೆಲ್ಲ ನಾನು ಹೇಳುತ್ತಿದ್ದರೆ ಸರಸ ಬಾಗಿಲಿಗೊರಗಿ ಕೇಳುತ್ತಿದ್ದಳು. ಕೆಳಗೆ ಕಂಪನಿ ಕ್ಯಾಬುಗಳ ಕೆಂಪು ದೀಪಗಳು ನೀರಲ್ಲಿ ತೇಲುವಂತೆ ಸಾಗುತ್ತಿದ್ದವು. ಈಚೆಗೆ ನನ್ನ ಮಂಡಿಯೂ ಮಾತಾಡುತ್ತದೆ. ಒಂದೆಲೆ ಕಿತ್ತು, ಬಾಡಿಸಿ, ಬಟ್ಟೆಯ ಪಟ್ಟಿಯ ಜೊತೆ ತಂದು ಕೂತೆ. ಬಗ್ಗಲಾಗಲಿಲ್ಲ.

ಸರಸ ಪಟ್ಟಿಗೆ ಕೈ ಹಾಕಿದವಳು ತಟ್ಟನೆ ಹಿಂದೆಗೆದಳು. "ಹೊರಗಿನೋರು ಕಟ್ಟಿದ್ರೆ ಹಿಡಿಯಲ್ಲ ಅಂದ್ರಲ್ಲಕ್ಕಾ."

ನಾನು ಕಾಲು ನೀಡಿದೆ.

"ಕಟ್ಟೇ. ಬಿಗಿಯಾಗೇ ಕಟ್ಟು."