ಅರಕಲಗೂಡಿನ ಮೇಲೆ ನಿಂತ ಮುಳ್ಳು

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ಆಯುಧಪೂಜೆಯ ದಿನ ಮಗಳು ಗೌರಿಯ ಜೊತೆ ಹಿರೀಸಾವೆಯಲ್ಲಿ ಬಸ್ಸು ಹತ್ತಿದೆ. ಹೆಂಗಸರಿಗೆ ದುಡ್ಡಿಲ್ಲ, ಸೀಟೂ ಇಲ್ಲ. ಹಾಸನದ ತನಕ ನಿಂತೇ ಹೋದೆವು. ಅಲ್ಲಿ ಊರಾಚೆಯ ಬಯಲಿನಲ್ಲಿ ಗೌರಿಯ ಮಗಳು ಸುಧಾ ಪುಟ್ಟ ವಿಮಾನ ಓಡಿಸುತ್ತಾಳೆ. ನಾಲ್ಕೇ ಸೀಟು. ಜನರನ್ನು ಕೂರಿಸಿಕೊಂಡು ತಾಲ್ಲೂಕುಗಳ ಮೇಲೆ ಒಂದು ಸುತ್ತು ತೋರಿಸುವ ಕೆಲಸ. ಅದನ್ನು ಬಿಡಿಸಿ ಬ್ಯಾಂಕಿಗೆ ಸೇರಿಸಬೇಕೆಂದು ಗೌರಿ ಹಠ ಹಿಡಿದಿದ್ದಳು. "ಒಂದ್ಸಲ ಕೂತು ನೋಡು, ಆಮ್ಯಾಕೆ ಬೈಯಿ" ಎಂದು ಸುಧಾ ನಮ್ಮನ್ನು ಕರೆಸಿದ್ದಳು.

ಸುಧಾ ವಿಮಾನದ ಸುತ್ತ ನಡೆದು ರೆಕ್ಕೆ, ಚಕ್ರ ಎಲ್ಲ ಮುಟ್ಟಿ ನೋಡಿದಳು. ಅದು ಮುಗಿದ ಮೇಲೆ ಗೌರಿಯ ಪೂಜೆ. ಚಕ್ರದಡಿ ನಿಂಬೆಹಣ್ಣು, ಮೈಗೆಲ್ಲ ಗಂಧ ಕುಂಕುಮ.

ನಾನು ಮುಂದೆ ಕೂತೆ. ಗೌರಿ ಹಿಂದೆ ಕಣ್ಣು ಮುಚ್ಚಿದಳು. ಬಿಸಿಲು ಚೆನ್ನಾಗಿತ್ತು. ಗೊರೂರಿನ ಹಿನ್ನೀರು ಹೊಸ ತಗಡಿನಂತೆ ಹೊಳೆಯುತ್ತಿತ್ತು. ಯಾರ ಬದುವನ್ನು ಯಾರು ಒತ್ತಿದ್ದಾರೆ ಎಂಬುದು ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತದೆ.

ಅರಕಲಗೂಡಿನ ಮೇಲೆ ಸುಧಾ ಇನ್ನಷ್ಟು ಮೇಲಕ್ಕೇರಿಸಿ, ಎದುರಿನ ಗಡಿಯಾರದಂಥ ಮೀಟರುಗಳ ಗಾಜನ್ನು ಬೆರಳಿನಿಂದ ತಟ್ಟಿದಳು. ಎತ್ತರ ತೋರಿಸುವ ಮುಳ್ಳು ಗೊರೂರಿನ ಮೇಲೆ ಎಲ್ಲಿತ್ತೋ ಅಲ್ಲೇ ಇತ್ತು. ವೇಗದ ಮುಳ್ಳು ಸುಮ್ಮಸುಮ್ಮನೆ ಇಳಿಯುತ್ತಿತ್ತು.

"ಏನೇ ಅದು?"

"ಮುಳ್ಳುಗಳಿಗೆ ಹೊರಗಿನ ಗಾಳಿ ಸಿಕ್ತಿಲ್ಲ ಅಜ್ಜಿ. ಇಂಜಿನ್ನು ಚೆಂದಾಗೈತೆ. ಆದ್ರೆ ಇಳಿಯೋವಾಗ ವೇಗ ಗೊತ್ತಾಗ್ಬೇಕು. ಕಮ್ಮಿಯಾದ್ರೆ ಬಿದ್ದೋಯ್ತೀವಿ."

"ಬ್ಯಾಂಕಿಗೆ ಸೇರು ಅಂತ ಬಡ್ಕೊಂಡೆ!" ಎಂದು ಗೌರಿ ಹಿಂದಿನಿಂದ ಕೂಗಿದಳು.

"ಸುಮ್ಕಿರೇ, ಇಲ್ಲೆಲ್ಲೈತೆ ಬ್ಯಾಂಕು?" ಎಂದೆ.

ಇಂಥ ಹೊತ್ತಿಗೆಂದೇ ಮುಳ್ಳುಗಳಿಗೆ ವಿಮಾನದ ಒಳಗಿನ ಗಾಳಿ ಬಿಡುವ ಗುಂಡಿಯೊಂದಿದೆ. ಸುಧಾ ಎಳೆದಳು. ಅದು ಕಿತ್ತು ಕೈಗೇ ಬಂತು. ಅದನ್ನು ನನ್ನ ಮಡಿಲಿಗೆ ಹಾಕಿದಳು.

"ಅಜ್ಜಿ, ಕುಟ್ಟೋಕೆ ಏನಾರ ಐತಾ?"

"ಅಡಕತ್ತರಿ ಐತೆ. ಯಾರಿಗ್ ಕುಟ್ಬೇಕು?"

"ಈ ಗಾಜಿಗೆ. ಏರೋದು ಇಳಿಯೋದು ತೋರ್ಸೋ ಈ ಮುಳ್ಳಿಲ್ದಿದ್ರೂ ನಡೀತದೆ. ಇದನ್ನ ಒಡೆದ್ರೆ ಇಲ್ಲಿನ ಗಾಳಿ ಮಿಕ್ಕಿದ್ದಕ್ಕೂ ಓಯ್ತದೆ."

ನಾನು ಕುಟ್ಟಿದ ಎರಡೇಟಿಗೆ ಗಾಜು ಒಡೆಯಿತು. ಮುಳ್ಳುಗಳೆಲ್ಲ ನಿದ್ದೆಯಿಂದ ಎದ್ದಂತೆ ಕುಣಿದವು. ಕೆಳಗೆ ಹೊಳೆನರಸೀಪುರದ ಸೇತುವೆ ಕಂಡಿತು. ಸುತ್ತಿನಲ್ಲಿ ಮುಂದಿದ್ದ ಚನ್ನರಾಯಪಟ್ಟಣಕ್ಕೆ ಹೋಗದೆ ಅಲ್ಲಿಂದಲೇ ಹಾಸನಕ್ಕೆ ತಿರುಗಿಸಿದಳು. ಹೀಗೆ ಒಡೆದಾಗ ವೇಗದ ಮುಳ್ಳು ನಿಜಕ್ಕಿಂತ ಕೊಂಚ ಹೆಚ್ಚು ತೋರಿಸುತ್ತದಂತೆ. ಅದಕ್ಕೆ ಸ್ವಲ್ಪ ಜೋರಾಗಿಯೇ ಬಂದು ಇಳಿಸಿದಳು. ಒಂದು ಸಲ ಕುಲುಕಿತು, ಅಷ್ಟೆ.

ಇಳಿದು ನೋಡಿದರೆ, ವಿಮಾನದ ಎರಡೂ ಪಕ್ಕದಲ್ಲಿ ಒಂದೊಂದು ದುಂಡನೆಯ ಬಿಲ್ಲೆ. ನಡುವೆ ಮುಳ್ಳುಗಳಿಗೆ ಗಾಳಿ ಹೋಗುವ ತೂತು. ಅದರ ಮೇಲೆ ಸರಿಯಾಗಿ ಗಂಧ, ಅದರ ಮೇಲೆ ಕುಂಕುಮ, ಒಣಗಿ ಗಾರೆಯಾಗಿತ್ತು.

"ಹಣೆ ಇದ್ದಂಗಿತ್ತು ಕಣವ್ವಾ" ಎಂದಳು ಗೌರಿ.

"ಪೂಜೆ ಆದ್ಮ್ಯಾಕೆ ನಾನು ಇನ್ನೊಂದ್ಸುತ್ತು ನೋಡ್ಬೇಕಿತ್ತು" ಎಂದಳು ಸುಧಾ. ಒದ್ದೆ ಬಟ್ಟೆ ತಂದು ತಾನೇ ಒರೆಸತೊಡಗಿದಳು.

ಗಾಜು ಒಡೆದ ಸುದ್ದಿ ಹಬ್ಬಿತ್ತು. ಮಾರನೆಯ ಬೆಳಿಗ್ಗೆ ಇನ್ನೊಂದು ವಿಮಾನ ನಿಂತಿದ್ದರೂ ಬಂದ ಜನ ಹತ್ತಲಿಲ್ಲ. ಸುಧಾಳನ್ನು ನೋಡುತ್ತಾ ದೂರದಲ್ಲೇ ನಿಂತರು. ನಾನು ಸೀರೆ ಎತ್ತಿಕಟ್ಟಿ ಮುಂದಿನ ಸೀಟಿನಲ್ಲಿ ಕೂತೆ. ಹಿಂದಿನ ಬಾಗಿಲು ತೆರೆದ ಸದ್ದಾಯಿತು. ತಿರುಗಿ ನೋಡಿದರೆ ಗೌರಿ. ಚನ್ನರಾಯಪಟ್ಟಣದ ತನಕ ಹೋಗಿ ಬಂದೆವು.